ಹೊಳೆ ದಾಟಿದ ಕಡುಬು

ನನ್ನ ತಿಂಡಿ ಡಬ್ಬಿಯಷ್ಟು ಊರು ಸುತ್ತಿದ ಡಬ್ಬಿ ನಮ್ಮ ಬಳಗದಲ್ಲಿ ಇನ್ನೊಂದಿಲ್ಲ. ಅದು ಕಾಶಿ ನೋಡಿದೆ, ರಾಮೇಶ್ವರ ನೋಡಿದೆ, ಒಮ್ಮೆ ಮುಂಬಯಿಯ ಮಳೆಗೆ ರೈಲು ನಿಂತಾಗ ಒಂದು ಹಗಲಿಡೀ ನನ್ನ ತೊಡೆಯ ಮೇಲೆ ಕೂತಿದೆ. ಹೋದ ಹಾಗೆಯೇ ತುಂಬಿಕೊಂಡು ಮನೆಗೆ ಬರುತ್ತದೆ, ಇಲ್ಲವೇ ಪೂರ್ತಿ ಖಾಲಿಯಾಗಿ ಬರುತ್ತದೆ. ಎರಡರಲ್ಲಿ ಯಾವುದಾದರೂ ನಾನು ಮಾತ್ರ ಅದರಿಂದ ಒಂದು ತುತ್ತೂ ತಿಂದಿರುವುದಿಲ್ಲ. ಅಕ್ಕನ ಮಗಳು ಸುಮತಿಗೆ ಇದೊಂದು ದೊಡ್ಡ ತಮಾಷೆ. "ಚಿಕ್ಕಮ್ಮಾ, ಡಬ್ಬಿಗೂ ಟಿಕೆಟ್ ತೆಗೆಸಿದ್ದೀಯಾ?" ಎಂದು ಕೇಳದೆ ಅವಳು ನನ್ನನ್ನು ಯಾವತ್ತೂ ಬಸ್ಸು ಹತ್ತಿಸಿದ್ದಿಲ್ಲ.

ಹಸಿವಿಲ್ಲವೆಂದಲ್ಲ. ತಿನ್ನುವ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯವಳಲ್ಲ. ನನ್ನನ್ನು ಒಮ್ಮೆ ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಆದರೆ ಪ್ರಯಾಣದಲ್ಲಿ ಮುಚ್ಚಳಕ್ಕೆ ಕೈ ಹಾಕಿದ ಕೂಡಲೇ ನನ್ನ ಕಣ್ಣು ಸುತ್ತಲೂ ಓಡುತ್ತದೆ, ಯಾರಾದರೂ ನೋಡುತ್ತಿದ್ದಾರೆಯೇ ಅಂತ. ಯಾರಾದರೂ ನೋಡುತ್ತಲೇ ಇರುತ್ತಾರೆ. ನಮ್ಮಲ್ಲಿ ಬಸ್ಸೋ ರೈಲೋ ನಿಂತಿತೆಂದರೆ ಕಿಟಕಿಯ ಹೊರಗೆ ಒಂದು ಕೈಯೋ, ಒಂದು ಮಗುವೋ ಇದ್ದೇ ಇರುತ್ತದೆ. ಎಷ್ಟೋ ಸಲ ಕೊಟ್ಟುಬಿಡುತ್ತೇನೆ. ಕೊಡುವಷ್ಟರಲ್ಲಿ ರೈಲು ಹೊರಟುಬಿಟ್ಟರೆ, ಮುಚ್ಚಳ ಹಾಕಿ ಸುಮ್ಮನೆ ಕೂರುತ್ತೇನೆ. ಈ ರೋಗ ನನಗೆ ಅಂಟಿದ್ದು ಅಜ್ಜಿಯಿಂದ, ಹೊನ್ನಾವರದ ಹೊಳೆಯ ದಂಡೆಯ ಮೇಲೆ, ಒಂದು ಶ್ರಾವಣದಲ್ಲಿ.

ಆಗ ಯುದ್ಧ ನಡೆಯುತ್ತಿತ್ತು. ಯಾರು ಯಾರ ಮೇಲೆ ಯುದ್ಧ ಮಾಡುತ್ತಿದ್ದಾರೆ ಎಂದು ಶಿರಾಲಿಯಲ್ಲಿ ನಮಗೆ ಸರಿಯಾಗಿ ಗೊತ್ತಿರಲಿಲ್ಲ. ಸೀಮೆಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಅಕ್ಕಿ ಇಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು. ರೇಷನ್ ಅಂಗಡಿಯ ಅಕ್ಕಿಗೆ ಹಳೇ ಗೋಣಿಯ ನಾತ. ಅದು ಕುದಿಯಲು ಶುರುವಾದರೆ ನಮ್ಮ ಬೆಕ್ಕು ಒಲೆಯ ಬುಡದಿಂದ ಎದ್ದು ಹೊರಗೆ ಹೋಗುತ್ತಿತ್ತು. ನಾವು ಬೆಕ್ಕಲ್ಲವಲ್ಲ, ಮೂಗು ಹಿಡಿದು ಉಣ್ಣುತ್ತಿದ್ದೆವು.

ಅಮ್ಮ ಇಲ್ಲದ ನನ್ನನ್ನೂ ಗೌರಕ್ಕನನ್ನೂ ಸಾಕಿದವಳು ಅಜ್ಜಿಯೇ. ಅಕ್ಕನನ್ನು ಕುಮಟೆಗೆ ಕೊಟ್ಟಿತ್ತು. ಮೊದಲನೆಯದು ಹೊಟ್ಟೆಯಲ್ಲೇ ಹೋಗಿ, ಅವಳು ಎರಡನೆಯ ಸಲ ಬಸುರಿಯಾಗಿದ್ದಳು. ಈ ಸಲವೂ ಏನು ತಿಂದರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ರೇಷನ್ ಅನ್ನದ ವಾಸನೆ ಬಂದರೆ ಸಾಕು, ಹಿತ್ತಲಿಗೆ ಓಡುತ್ತಿದ್ದಳು. ಕುಮಟೆಯಿಂದ ಬಂದ ಬಳೆಗಾರನ ಕೈಯಲ್ಲಿ ಒಂದು ಮಾತು ಹೇಳಿಕಳಿಸಿದ್ದಳು: ಅಜ್ಜಿ ಮಾಡುವ ಅರಿಶಿನ ಎಲೆಯ ಕಡುಬು ತಿನ್ನಬೇಕು ಅನ್ನಿಸುತ್ತಿದೆ. ಬಳೆಗಾರ ಅದನ್ನು ಹೇಳಿ ಮುಗಿಸುವುದರೊಳಗೆ ಅಜ್ಜಿ ಎದ್ದಾಗಿತ್ತು. ಬಸುರಿಯ ಬಯಕೆ ತೀರಿಸದಿದ್ದರೆ ಮಗುವಿಗೆ ಒಳ್ಳೆಯದಲ್ಲ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಒಂದನ್ನು ಕಳೆದುಕೊಂಡ ಮೇಲಂತೂ ಆ ನಂಬಿಕೆ ಹೆದರಿಕೆಯೇ ಆಗಿತ್ತು.

ಆ ದಿನಗಳಲ್ಲಿ ಯಾವ ಮನೆಯಲ್ಲಿ ಏನಿಲ್ಲದಿದ್ದರೂ ಚೌತಿಯ ಅಕ್ಕಿ ಎಂದು ಒಂದು ಡಬ್ಬಿ ಇರುತ್ತಿತ್ತು. ಬೆಳೆ ಬಂದಾಗಲೇ ಒಳ್ಳೆಯ ಅಕ್ಕಿ ಆರಿಸಿ ಗಣಪತಿಯ ನೈವೇದ್ಯಕ್ಕೆಂದು ಎತ್ತಿಟ್ಟರೆ ಮುಗಿಯಿತು. ಮಕ್ಕಳು ಹಸಿದು ಅತ್ತರೂ ಅದರ ಮುಚ್ಚಳ ತೆಗೆಯುವಂತಿಲ್ಲ. ಅಜ್ಜಿ ಆ ಡಬ್ಬಿಯನ್ನು ಬಿಚ್ಚಿದಳು. ಗಣಪತಿಯ ಕಡೆ ತಿರುಗಿ ಏನೋ ಗೊಣಗಿಕೊಂಡಳು, ಬಹುಶಃ ಕ್ಷಮೆ ಕೇಳಿರಬೇಕು. ಅಕ್ಕಿ ನೆನೆಸಿ, ನುಣ್ಣಗೆ ರುಬ್ಬಿ, ಅರಿಶಿನ ಎಲೆಗೆ ಬಳಿದು, ಮಧ್ಯೆ ಕಾಯಿಬೆಲ್ಲ ಇಟ್ಟು ಮಡಚಿ ಹಬೆಗಿಟ್ಟಳು. ಹಬೆ ಎದ್ದಾಗ ಬಂದ ಪರಿಮಳಕ್ಕೆ ನಾನು ಒಲೆಯ ಹತ್ತಿರವೇ ಬೀಡುಬಿಟ್ಟೆ. ಒಂದೇ ಒಂದು ಕೊಡು ಅಂದೆ. ತುಂಡಾದದ್ದು ಇದ್ದರೆ ಅದನ್ನಾದರೂ ಕೊಡು ಅಂದೆ. ಬಯಕೆಯ ಕಡುಬನ್ನು ಬಸುರಿ ತಿನ್ನುವ ಮೊದಲು ಬೇರೆ ಯಾರೂ ಮುಟ್ಟಬಾರದಂತೆ. ಅಷ್ಟೇ ಅಲ್ಲ, ಕಡುಬು ತುಂಬಿ ಬಟ್ಟೆ ಕಟ್ಟಿದ ಬುಟ್ಟಿಯನ್ನು ದಾರಿಯಲ್ಲಿ ಬಿಚ್ಚಬಾರದು, ನೆಲಕ್ಕೆ ತಾಗಿಸಬಾರದು, ನೆಟ್ಟಗೆ ಅಕ್ಕನ ಮಡಿಲಲ್ಲೇ ಇಡಬೇಕು. ಅಜ್ಜಿಯ ಶಾಸ್ತ್ರಗಳಲ್ಲಿ ಎಷ್ಟು ಹಳೆಯವು, ಎಷ್ಟು ಆಗಿಂದಾಗ ಹುಟ್ಟಿದವು ಎಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಭಟ್ಕಳದಿಂದ ಬರುವ ಬಸ್ಸಿಗೆ ಬೆಳಿಗ್ಗೆಯೇ ಹೋಗಿ ನಿಂತೆವು. ಪೆಟ್ರೋಲ್ ಸಿಗದ ಕಾಲವಾದ್ದರಿಂದ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ಮಾತಿಗೆ. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಪೀಪಾಯಿ. ಕ್ಲೀನರ್ ಇಳಿದು ಅದರಲ್ಲಿ ಇದ್ದಿಲು ತುಂಬಿ, ಹಿಡಿ ತಿರುಗಿಸಿ ಗಾಳಿ ಹಾಕಬೇಕು. ಅದು ಕೆಮ್ಮಿ, ಉಗುಳಿ, ಸ್ವಲ್ಪ ದೂರ ಹೋಗಿ ನಿಲ್ಲುತ್ತಿತ್ತು. ಏರು ಬಂದರೆ ಗಂಡಸರೆಲ್ಲ ಇಳಿದು ನೂಕಬೇಕು. ಭಟ್ಕಳದ ಬಟ್ಟೆ ವ್ಯಾಪಾರಿ ಸಾಹೇಬರೊಬ್ಬರು ಪಾಪ, ಬಿಳಿಯ ಅಂಗಿಯಲ್ಲಿ ಹತ್ತಿದವರು ಮಂಕಿ ದಾಟುವುದರೊಳಗೆ ಇದ್ದಿಲು ಮಾರುವವರ ಹಾಗೆ ಆಗಿದ್ದರು. "ನಮ್ಮ ಗೌರಿಯಂಗೇ ಇದಕ್ಕೂ ಎಂತ ಹಾಕ್ದ್ರೂ ಹೊಟ್ಟೇಲಿ ನಿಲ್ಲೂದಿಲ್ಲ" ಎಂದಳು ಅಜ್ಜಿ. ಇಡೀ ಬಸ್ಸು ನಕ್ಕಿತು. ಅಜ್ಜಿ ನಗಲಿಲ್ಲ. ಬುಟ್ಟಿ ಅವಳ ತೊಡೆಯಿಂದ ನನ್ನ ತೊಡೆಗೆ, ನನ್ನ ತೊಡೆಯಿಂದ ಅವಳ ತೊಡೆಗೆ ಸರದಿಯಲ್ಲಿ ಪ್ರಯಾಣ ಮಾಡುತ್ತಿತ್ತು.

ಆಗ ಶರಾವತಿಗೆ ಸೇತುವೆ ಇರಲಿಲ್ಲ. ಬಸ್ಸು ಈಚೆ ದಡದ ಕಾಸರಕೋಡಿನಲ್ಲಿ ನಮ್ಮನ್ನು ಇಳಿಸಿ ತಿರುಗಿ ಹೋಗುತ್ತಿತ್ತು. ದೋಣಿಯಲ್ಲಿ ಹೊಳೆ ದಾಟಿ ಹೊನ್ನಾವರ ಸೇರಿ, ಅಲ್ಲಿಂದ ಕುಮಟೆಗೆ ಬೇರೆ ಬಸ್ಸು. ನಾವು ಹೋಗಿ ನೋಡಿದರೆ ಹೊಳೆ ಕೆಂಪಗೆ ತುಂಬಿ, ಮೇಲಿನಿಂದ ಮರದ ಬೊಡ್ಡೆಗಳು ತೇಲಿ ಬರುತ್ತಿದ್ದವು. ಸಣ್ಣ ದೋಣಿಗಳನ್ನೆಲ್ಲ ಮೇಲೆ ಎಳೆದು ಕಟ್ಟಿತ್ತು. ಗಾಳಿ ಇಳಿಯುವವರೆಗೆ ದೊಡ್ಡ ದೋಣಿಯೂ ಬಿಡುವುದಿಲ್ಲ ಅಂದರು. ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಅಜ್ಜಿ ದೋಣಿಯವನನ್ನು ಕೇಳಿದಳು. ಅದನ್ನು ಗಾಳಿಯನ್ನೇ ಕೇಳಬೇಕು ಅಂದ. ದೊಡ್ಡ ದೊಡ್ಡ ನಿಲ್ದಾಣಗಳಲ್ಲಿ ರೈಲು ತಡವೆಂದು ಧ್ವನಿವರ್ಧಕದಲ್ಲಿ ಹೇಳುವುದನ್ನು ಆಮೇಲೆ ಎಷ್ಟೋ ಕೇಳಿದ್ದೇನೆ. ಅಷ್ಟು ಪ್ರಾಮಾಣಿಕವಾದ ಉತ್ತರ ಎಲ್ಲಿಯೂ ಕೇಳಲಿಲ್ಲ.

ದಂಡೆಯ ಮೇಲೆ ಒಂದು ಸೋಗೆಯ ಮಾಡು. ಅದರ ಕೆಳಗೆ ನಮ್ಮಂಥ ಪ್ರಯಾಣಿಕರಿಗಿಂತ ಎಲ್ಲಿಗೂ ಪ್ರಯಾಣ ಇಲ್ಲದವರೇ ಹೆಚ್ಚಾಗಿದ್ದರು. ಘಟ್ಟದ ಮೇಲಿಂದ ಇಳಿದು ಬಂದವರು, ಕೂಲಿ ಸಿಗದವರು, ಗೋಣಿ ಹೊದ್ದು ಗೋಡೆಗೆ ಮುಖ ಮಾಡಿ ಮಲಗಿದ ಮುದುಕರು. ಮಕ್ಕಳು ಅಳುತ್ತಲೂ ಇರಲಿಲ್ಲ, ಆಡುತ್ತಲೂ ಇರಲಿಲ್ಲ, ಸುಮ್ಮನೆ ಕೂತಿದ್ದವು. ಆಡದೆ ಕೂತ ಮಕ್ಕಳನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೆ ಅವರನ್ನು ನೋಡಲು ಹೆದರಿಕೆಯಾಯಿತು. ಬುಟ್ಟಿಯನ್ನು ಎದೆಗೆ ಅವುಚಿಕೊಂಡು ಅಜ್ಜಿಯ ಬೆನ್ನಿನ ಹಿಂದೆ ನಿಂತೆ.

ಆದರೆ ಪರಿಮಳವನ್ನು ಎಲ್ಲಿ ಅಡಗಿಸುವುದು? ಒದ್ದೆ ಗಾಳಿಯಲ್ಲಿ ಅರಿಶಿನ ಎಲೆಯ ವಾಸನೆ ಮಾಡಿನ ತುಂಬ ಹರಡಿತು. ಒಂದೊಂದೇ ಮುಖ ನಮ್ಮ ಕಡೆ ತಿರುಗಿತು. ಕಂಬಕ್ಕೆ ಒರಗಿ ಒಬ್ಬ ಹೆಂಗಸು ಕೂತಿದ್ದಳು. ಸುಬ್ಬಿ ಎಂದು ಅವಳ ಹೆಸರು, ಹೊಳೆಯಾಚೆಯ ಮಾವಿನಕುರ್ವೆಯವಳು ಎಂದು ಆಮೇಲೆ ಗೊತ್ತಾಯಿತು. ಕೈಕಾಲು ಕಡ್ಡಿಯ ಹಾಗೆ, ಹೊಟ್ಟೆ ಮಾತ್ರ ದಿನ ತುಂಬಿದ ಬಸುರಿಯ ಹಾಗೆ. ಅವಳು ಬುಟ್ಟಿಯನ್ನು ಒಮ್ಮೆ ನೋಡಿ ತಟ್ಟನೆ ಕಣ್ಣು ಬೇರೆ ಕಡೆ ತಿರುಗಿಸಿದಳು. ಅಜ್ಜಿ ಅದನ್ನು ಕಂಡಳು. ಕಾಣದೆ ಇದ್ದಿದ್ದರೆ ಚೆನ್ನಾಗಿತ್ತು ಅಂತ ಅವಳಿಗೂ ಅನ್ನಿಸಿರಬೇಕು.

ಯಾಕೆಂದರೆ ಶಾಸ್ತ್ರದಲ್ಲಿ ಇನ್ನೂ ಒಂದು ಇತ್ತು. ಬಸುರಿಯ ಕಣ್ಣು ಬಿದ್ದ ತಿಂಡಿಯನ್ನು ಅವಳಿಗೆ ಕೊಡದೆ ಮುಂದೆ ಒಯ್ಯಬಾರದು. ಒಯ್ದರೆ ಆಮೇಲೆ ಅದನ್ನು ತಿಂದವಳಿಗೂ ಒಳ್ಳೆಯದಾಗುವುದಿಲ್ಲ. ಅಜ್ಜಿ ದಾನಶೂರಳೇನೂ ಅಲ್ಲ, ನೆರೆಮನೆಗೆ ಮಜ್ಜಿಗೆ ಕೊಡುವಾಗಲೂ ನೀರು ಬೆರೆಸಿ ಕೊಡುವವಳು. ಆದರೆ ಇಲ್ಲಿ ಬಿಚ್ಚಿದರೆ ಒಂದು ಶಾಸ್ತ್ರ ಮುರಿಯುತ್ತದೆ, ಬಿಚ್ಚದಿದ್ದರೆ ಇನ್ನೊಂದು. ಎರಡರಲ್ಲೂ ಗೌರಕ್ಕನ ಹೊಟ್ಟೆಯ ಮಗುವೇ ಸಿಕ್ಕಿಕೊಂಡಿದೆ. ಹೊಳೆ ನೋಡುತ್ತ ಬಹಳ ಹೊತ್ತು ನಿಂತಳು. ಆಮೇಲೆ ಸುಬ್ಬಿಯ ಹತ್ತಿರ ಹೋಗಿ, ಎಷ್ಟು ತಿಂಗಳು ಎಂದು ಕೇಳಿದಳು. ಅವಳು ನೆಲ ನೋಡುತ್ತ, ದಿನ ಹತ್ತಿರ ಬಂತು ಅಂದಳು. ಅಜ್ಜಿ ನನ್ನ ಕೈಯಲ್ಲಿದ್ದ ಬುಟ್ಟಿಯ ಬಟ್ಟೆ ಬಿಚ್ಚಿ ಎರಡು ಕಡುಬು ತೆಗೆದು ಅವಳ ಕೈಗಿಟ್ಟಳು, ಒಂದು ಅವಳಿಗೆ, ಒಂದು ಒಳಗಿನವರಿಗೆ. ಸುಬ್ಬಿ ಅದನ್ನು ಕಣ್ಣಿಗೆ ಒತ್ತಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. ಈಗ ವಾಕರಿಕೆ, ಆಮೇಲೆ ತಿನ್ನುತ್ತೇನೆ ಅಂದಳು. ಅಜ್ಜಿ ತಿಳಿದವಳಂತೆ ತಲೆಯಾಡಿಸಿದಳು.

ಬಿಚ್ಚಿದ ಬುಟ್ಟಿಯನ್ನು ಮತ್ತೆ ಕಟ್ಟುವುದು ಅಷ್ಟು ಸುಲಭವಲ್ಲ. ಒಂದು ಮಗು ಬಂದು ನಿಂತಿತು. ಅಜ್ಜಿ ಗದರಿದಳು. ಮಗು ಹೋಗಲಿಲ್ಲ. ಅರ್ಧ ಮುರಿದು ಕೊಟ್ಟಳು. ಇನ್ನೊಂದು ಬಂತು, ಅದಕ್ಕೆ ಉಳಿದರ್ಧ. ಆಮೇಲೆ ಯಾರು ಬಂದರು, ಎಷ್ಟು ಹೋಯಿತು ಎಂದು ನೋಡಲು ನನ್ನಿಂದ ಆಗಲಿಲ್ಲ. ನನಗೇ ಕೊಡದ ಕಡುಬು! ಬೆಳಗಿನ ಜಾವವೇ ಎದ್ದು ಒಲೆಯ ಬುಡದಲ್ಲಿ ಬೇಡಿದವಳು ನಾನು, ಬುಟ್ಟಿ ಹೊತ್ತು ಕೈ ಸೋತವಳು ನಾನು. ಸಿಟ್ಟಿನಿಂದ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅಕ್ಕನಿಗೆಂದು ಕೊನೆಗೆ ಕೆಲವನ್ನು ಅಜ್ಜಿ ಸೆರಗಿನಡಿ ಬಚ್ಚಿಟ್ಟಿದ್ದಳು. ಅಷ್ಟರಲ್ಲಿ ಯಾರೋ ತಿಂದು ಬಿಸಾಕಿದ ಎಲೆಯನ್ನು ಒಂದು ಹೆಣ್ಣುಮಗು ಮಣ್ಣಿನಿಂದ ಎತ್ತಿ, ಒರೆಸಿ, ನೆಕ್ಕತೊಡಗಿತು. ಅದು ನನ್ನಷ್ಟೇ ದೊಡ್ಡದು. ಅಜ್ಜಿ ಸೆರಗಿನಡಿಯಿಂದ ಅವನ್ನೂ ತೆಗೆದಳು. ಬುಟ್ಟಿಯಲ್ಲಿ ಹಾಸಿದ್ದ ಹಸಿ ಎಲೆಗಳಷ್ಟೇ ಉಳಿದವು.

ಮಧ್ಯಾಹ್ನ ದಾಟಿದ ಮೇಲೆ ಗಾಳಿ ಇಳಿಯಿತು. ದೋಣಿಯಲ್ಲಿ ಸುಬ್ಬಿ ನಮ್ಮ ಪಕ್ಕದಲ್ಲೇ ಕೂತಿದ್ದಳು. ನಡುಹೊಳೆಯಲ್ಲಿ ದೋಣಿ ಒಂದು ಸಲ ಜೋಲಿ ಹೊಡೆದಾಗ ಬಸುರಿಗೆ ಪೆಟ್ಟಾದೀತೆಂದು ಅಜ್ಜಿ ತಟ್ಟನೆ ಅವಳ ಹೊಟ್ಟೆಗೆ ಕೈ ಆನಿಸಿ ಹಿಡಿದಳು. ಹಿಡಿದ ಕೈಯನ್ನು ಅಷ್ಟೇ ತಟ್ಟನೆ ಹಿಂದೆಳೆದುಕೊಂಡಳು. ಮಗು ಒದೆಯಿತಾ ಎಂದು ನಾನು ಕೇಳಿದೆ. ಬಾಯಿ ಮುಚ್ಚು ಅಂದಳು. ಜೀವಮಾನವಿಡೀ ಅಕ್ಕಿ ಕೇರಿ, ಅಳೆದು, ತೊಳೆದ ಕೈ ಅದು. ಬಟ್ಟೆಯ ಮೇಲಿನಿಂದ ಮುಟ್ಟಿದರೂ ಅಕ್ಕಿಯ ಗಂಟು ಗೊತ್ತಾಗದೆ ಇರುತ್ತದೆಯೇ? ಸುಬ್ಬಿಯ ಹೊಟ್ಟೆಯಲ್ಲಿ ಮಗುವಿರಲಿಲ್ಲ. ಸೊಂಟಕ್ಕೆ ಸುತ್ತಿ ಕಟ್ಟಿದ ಅಕ್ಕಿ ಇತ್ತು. ಆಗ ಚೀಟಿ ಇಲ್ಲದೆ ಅಕ್ಕಿಯನ್ನು ಹೊಳೆ ದಾಟಿಸುವಂತಿರಲಿಲ್ಲ. ಹೊನ್ನಾವರದ ದಡದಲ್ಲಿ ಚೌಕಿಯವನು ನಿಂತು, ಬಿದಿರ ಕೋಲಿನಿಂದ ಗಂಟುಮೂಟೆಗಳನ್ನೆಲ್ಲ ತಿವಿದು ನೋಡಿ, ಸಿಕ್ಕಿದ್ದನ್ನು ಕಿತ್ತುಕೊಳ್ಳುತ್ತಿದ್ದ. ಸುಬ್ಬಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ನೀರು ನೋಡುತ್ತ ಕೂತಿದ್ದಳು.

ಸುಬ್ಬಿ ದೋಣಿಯಿಂದ ಇಳಿದಳು. ಚೌಕಿಯವನು ಅವಳನ್ನು ಮೇಲಿಂದ ಕೆಳಗೆ ನೋಡಿದ. ಅವನ ಕೋಲು ಸ್ವಲ್ಪ ಎದ್ದಿತು. ಹೊಟ್ಟೆಯಲ್ಲಿ ಏನು ಎಂದು ಕೇಳಿದ. ಅಜ್ಜಿ ಒಂದು ಮಾತು ಆಡಿದ್ದರೆ ಸಾಕಿತ್ತು. ಅವಳ ಕಡುಬಿಗೂ ಅವಳ ಮೊಮ್ಮಗಳಿಗೂ ಆದ ಮೋಸಕ್ಕೆ ಅಲ್ಲೇ ತೀರ್ಮಾನವಾಗುತ್ತಿತ್ತು. ಅಜ್ಜಿ ಬುಟ್ಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಮುಂದೆ ಹೋದಳು.

"ಹೊಟ್ಟೇಲಿ ಎಂತ ಇರ್ತದೆ ಅಂತ ನಿನ್ನ ಅವ್ವಿನ ಕೇಳು. ನಮ್ಮನೆ ಹುಡುಗಿ ಅದು. ಬಯಕೆ ಉಣ್ಸೂಕೆ ಕುಮಟೆಗೆ ಕರ್ಕಂಡ್ ಹೋಗ್ತಿದ್ದೆ. ಬುಟ್ಟಿ ನೋಡೂದಾದ್ರೆ ನೋಡು."

ಅವನು ನೋಡಿದ. ಬರೀ ಅರಿಶಿನ ಎಲೆ. ಕಡುಬು ಎಲ್ಲಿ ಅಂದದ್ದಕ್ಕೆ, ದೋಣಿ ಕಾದು ಕಾದು ದಾರಿಯಲ್ಲೇ ತಿಂದಳು, ಬಸುರಿ ಎಷ್ಟು ಹೊತ್ತು ಕಾಯುತ್ತಾಳೆ ಅಂದಳು ಅಜ್ಜಿ. ಮುತ್ತೈದೆ ಬಸುರಿಯನ್ನು ಕೋಲಿನಿಂದ ತಿವಿಯುವ ಎದೆ ನಮ್ಮ ಸೀಮೆಯಲ್ಲಿ ಯಾರಿಗಿದೆ? ಅವನಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ಹೋಗಿ ಅಂದ. ಅಜ್ಜಿಯ ಬಾಯಲ್ಲಿ ಸುಳ್ಳು ಅಷ್ಟು ಸಲೀಸಾಗಿ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಬೆರಗಾಗಿ ಅವಳ ಹಿಂದೆ ನಡೆದೆ.

ಒಂದು ಅಂಗಡಿಯ ಹಿಂದೆ, ಯಾರೂ ಕಾಣದ ಕಡೆ ನಿಂತು ಅಜ್ಜಿ ಬೈಯಲು ಶುರುಮಾಡಿದಳು ನೋಡಿ. ಬಸುರು ಎಂದರೆ ಆಟವೇ, ಇಲ್ಲದ್ದನ್ನು ಇದೆ ಅಂದರೆ ನಾಳೆ ಇದ್ದದ್ದಕ್ಕೆ ಏನಾದೀತು, ನನ್ನ ಮೊಮ್ಮಗಳ ಬಾಯಿಂದ ಕಿತ್ತು ನಿನಗೆ ಕೊಟ್ಟೆನಲ್ಲ ಎಂದು. ಸುಬ್ಬಿ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿದಳು. ಮಂಕಿಯ ಕಡೆ ಗದ್ದೆಯ ನಟ್ಟಿ ಕೆಲಸಕ್ಕೆ ಹೋಗಿದ್ದಳಂತೆ, ಅದರ ಕೂಲಿ ಆ ಅಕ್ಕಿ. ಕದ್ದದ್ದಲ್ಲ. ಮನೆಯಲ್ಲಿ ಮಕ್ಕಳು ಕೆಸುವಿನ ಗಡ್ಡೆ ಬೇಯಿಸಿಕೊಂಡು ತಿನ್ನುತ್ತಿದ್ದಾವೆ ಅಂದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಎರಡೂ ಕಡುಬುಗಳನ್ನು ಅಜ್ಜಿಯ ಮುಂದೆ ಹಿಡಿದಳು.

"ಮಕ್ಕಳಿಗೆ ಅಂತ ಕಟ್ಟಿಟ್ಟಿದ್ದೆ ಅಮ್ಮ. ಬಸುರಿಗೆ ಅಂತ ಕೊಟ್ಟದ್ದು, ನಾ ಹ್ಯಾಂಗೆ ತಿನ್ಲಿ? ತಕಳಿ."

ಅಜ್ಜಿಗೆ ಮತ್ತೆ ಶಾಸ್ತ್ರದ ಇಕ್ಕಟ್ಟು. ಬಸುರಿಗೆ ಕೊಟ್ಟದ್ದನ್ನು ವಾಪಸು ತೆಗೆದುಕೊಳ್ಳಬಾರದು. ಆದರೆ ಇವಳು ಬಸುರಿಯಲ್ಲ. ಹಾಗಾದರೆ ಕೊಟ್ಟ ಹಾಗೆಯೇ ಆಗಲಿಲ್ಲ. ದೊಡ್ಡ ವಕೀಲರಿಗೂ ಬಿಡಿಸಲಾಗದ ಆ ಪ್ರಶ್ನೆಯನ್ನು ಅವಳು ತನ್ನ ರೀತಿಯಲ್ಲಿ ಬಿಡಿಸಿದಳು. ಒಂದನ್ನು ತೆಗೆದುಕೊಂಡು ಬುಟ್ಟಿಯಲ್ಲಿಟ್ಟಳು. ಇನ್ನೊಂದನ್ನು ಸುಬ್ಬಿಯ ಸೆರಗಿನಲ್ಲೇ ಬಿಗಿಯಾಗಿ ಕಟ್ಟಿ, "ಹೋಗು, ಕತ್ತಲಾಪುದ್ರೊಳಗೆ ಮಕ್ಕಳಿಗೆ ಉಣ್ಣೂಕೆ ಹಾಕು" ಅಂದಳು. ಸುಬ್ಬಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನಿಜವಾದ ಬಸುರಿಯ ಹಾಗೆಯೇ ನಿಧಾನವಾಗಿ ನಡೆದು ಹೋದಳು. ಆಮೇಲೆ ಅವಳನ್ನು ನಾವು ನೋಡಲಿಲ್ಲ.

ಕುಮಟೆ ಮುಟ್ಟುವಾಗ ಸಂಜೆ. ತವರಿನಿಂದ ಬಯಕೆಯ ಬುಟ್ಟಿ ಬರುತ್ತದೆಂದು ವಾಪಸು ಹೋದ ಬಳೆಗಾರನಿಂದ ತಿಳಿದು ಅಕ್ಕನ ಅತ್ತೆ ನೆರೆಹೊರೆಯ ಹೆಂಗಸರನ್ನು ಅರಿಶಿನ ಕುಂಕುಮಕ್ಕೆ ಕರೆದಿದ್ದಳು. ಅವಳು ಪೇಟೆಯ ಹೆಂಗಸು, ಮಾತು ಕಡಿಮೆ, ನೋಟ ಜಾಸ್ತಿ. ಜಗಲಿಯ ತುಂಬ ಜನ. ಅಕ್ಕನನ್ನು ಮಣೆಯ ಮೇಲೆ ಕೂರಿಸಿತ್ತು. ಅವಳ ಕೆನ್ನೆ ಒಳಗೆ ಹೋಗಿ ಮುಖದಲ್ಲಿ ಕಣ್ಣೇ ದೊಡ್ಡದಾಗಿ ಕಾಣುತ್ತಿತ್ತು. ಅಜ್ಜಿ ನೆಲಕ್ಕೆ ತಾಗಿಸದೆ ತಂದ ಬುಟ್ಟಿಯನ್ನು ಅವಳ ಮಡಿಲಲ್ಲಿಟ್ಟಳು. ಬಟ್ಟೆ ಬಿಚ್ಚಿದರೆ, ಎಲೆಗಳ ನಡುವೆ ಒಂದೇ ಒಂದು ಕಡುಬು, ಅದೂ ಒಂದು ಮೂಲೆಯಲ್ಲಿ ಜಜ್ಜಿಹೋದದ್ದು. ಹೆಂಗಸರು ಮುಖ ಮುಖ ನೋಡಿಕೊಂಡರು. ಅಕ್ಕನ ಅತ್ತೆ ಬುಟ್ಟಿ ನೋಡಿದಳು, ಅಜ್ಜಿಯನ್ನು ನೋಡಿದಳು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಲಿ ಅನ್ನಿಸಿತು.

ಅಕ್ಕ ಮಾತ್ರ ಯಾರ ಮುಖವನ್ನೂ ನೋಡಲಿಲ್ಲ. ಕಡುಬನ್ನು ಮೂಗಿನ ಹತ್ತಿರ ಹಿಡಿದಳು. ಎಲೆ ಬಿಡಿಸಿ ಸಣ್ಣ ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಹಿತ್ತಲ ಬಾಗಿಲನ್ನು ಯಾರೋ ಮೊದಲೇ ತೆರೆದಿಟ್ಟಿದ್ದರು. ನಾವೆಲ್ಲ ಅವಳನ್ನೇ ನೋಡುತ್ತಿದ್ದೆವು. ಅಕ್ಕ ಏಳಲಿಲ್ಲ. ಇನ್ನೊಂದು ಚೂರು, ಮತ್ತೊಂದು ಚೂರು. ಈಗ ನನ್ನ ಡಬ್ಬಿ ನೋಡಿ ನಗುವ ಸುಮತಿ ಆಗ ಆ ಹೊಟ್ಟೆಯಲ್ಲಿ ಕೂತು ತನ್ನ ಪಾಲು ತಿನ್ನುತ್ತಿದ್ದಳು. ಎಲೆಗೆ ಅಂಟಿದ್ದನ್ನೂ ಬೆರಳಿನಿಂದ ಬಳಿದು ತಿಂದು, ಅಕ್ಕ ಬುಟ್ಟಿಯ ಎಲೆಗಳನ್ನು ಸರಿಸಿ ನೋಡಿದಳು.

"ಇನ್ನೊಂದು ಅದ್ಯಾ ಅಜ್ಜಿ?"

ಎಷ್ಟೋ ದಿನಗಳ ಮೇಲೆ ಅವಳು ಇನ್ನೊಂದು ಬೇಕೆಂದು ಕೇಳಿದ್ದು ಅದೇ ಮೊದಲು. ಅದನ್ನು ಕೇಳಿಸಿಕೊಳ್ಳಲೆಂದೇ ಅಜ್ಜಿ ಗಣಪತಿಯ ಡಬ್ಬಿ ಬಿಚ್ಚಿ, ಆ ಹೊಗೆಯ ಬಸ್ಸು ಹತ್ತಿ, ಹೊಳೆ ದಾಟಿ ಬಂದವಳು. ಕೇಳಿದಾಗ ಕೊಡಲು ಅವಳ ಕೈಯಲ್ಲಿ ಏನೂ ಇರಲಿಲ್ಲ. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು, ಅಷ್ಟು ಜನರ ಎದುರಿಗೇ ಅತ್ತುಬಿಟ್ಟಳು. ಸಂತೋಷಕ್ಕೆ ಎಷ್ಟು, ಸಂಕಟಕ್ಕೆ ಎಷ್ಟು ಎಂದು ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. "ಇತ್ತು ಮಗಾ" ಅಂದಳು, "ದಾರೀಲಿ ಹಸ್ದವ್ರು ಇದ್ರು."

ಅಕ್ಕನ ಅತ್ತೆ ಎದ್ದು ಒಳಗೆ ಹೋದಳು. ಸಿಟ್ಟಾಗಿ ಹೋದಳೆಂದೇ ನಾನು ತಿಳಿದೆ. ಒಳಗೆ ಅಟ್ಟದಿಂದ ಏನನ್ನೋ ಇಳಿಸಿದ ಸದ್ದಾಯಿತು, ಆಮೇಲೆ ಬಟ್ಟೆ ಬಿಚ್ಚಿ ಮುಚ್ಚಳ ತೆಗೆದ ಸದ್ದು. ಅವರ ಮನೆಯ ಚೌತಿಯ ಅಕ್ಕಿ. ಅಳೆಯುವ ಪಾವು ಡಬ್ಬಿಯ ತಳಕ್ಕೆ ತಾಗಿ ಗೀರಿದ್ದು ಜಗಲಿಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ಆ ಮೇಲೆ ಅವಳ ಸ್ವರ ಬಂತು, ನನ್ನನ್ನು ಕರೆದು.

"ಹೆಣ್ಣೇ, ಹಿತ್ತಲಿಗೆ ಹೋಗಿ ಅರಿಶಿನ ಎಲೆ ಕೊಯ್ಕಂಡ್ ಬಾ. ನಿಂಗೆ ಅಂತ್ಲೂ ಒಂದೆಲೆ ಹೆಚ್ಚು ತಾ."